ಕಕ್ಕಸ್ ಗಾಡಿಯ ನೀಲಿ ಹನಿ

ನಮ್ಮ ರಿಪೇರಿ ಶೆಡ್ಡಿನಲ್ಲಿ ನನ್ನ ನಕಲಿಗೆ ಸಿಗದ ಮನುಷ್ಯ ಒಬ್ಬನೇ ಇದ್ದ, ಹರಿಹರದಿಂದ ಬರುವ ಟರ್ನರ್, ಲೇತ್ ಕೆಲಸದವನು. ಶೆಡ್ಡಿನ ಯಜಮಾನ ಮೇಸ್ತ್ರಿಯ ದನಿ ನನ್ನ ಗಂಟಲಲ್ಲೇ ಬಾಡಿಗೆಗಿತ್ತು. ಅವರು ಬೈಯುವ ಮೊದಲು ಎರಡು ಸಲ ಕೆಮ್ಮುತ್ತಾರೆ, ಮೂರನೆಯ ಕೆಮ್ಮಿನ ಹಿಂದೆಯೇ ಬೈಗುಳ ಬರುತ್ತದೆ. ಮಲೆಬೆನ್ನೂರು ಬಸ್ಸಿನ ಕಂಡಕ್ಟರ್, ಎದುರಿನ ಟೈರ್ ಅಂಗಡಿಯ ಸಾಹೇಬರು, ಏರು ಕಂಡರೆ ನಿಟ್ಟುಸಿರು ಬಿಡುವ ನಮ್ಮ ಹಳೆಯ ಟ್ರ್ಯಾಕ್ಟರು, ಎಲ್ಲರೂ ನನಗೆ ಬರುತ್ತಿದ್ದರು. ನನ್ನನ್ನೂ ನಾನು ಬಿಟ್ಟಿರಲಿಲ್ಲ. ಕೈಯಿಂದ ಬೋಲ್ಟು ಬಿಚ್ಚುವ ಪಾನಾ ಜಾರಿ ಬಿದ್ದರೆ ನಾನು ಹಿಂದೆ ತಿರುಗಿ, ಬೇರೆ ಯಾರೋ ಬೀಳಿಸಿದರು ಎನ್ನುವ ಹಾಗೆ ನೋಡುತ್ತೇನಂತೆ. ಅದನ್ನೂ ಮಾಡಿ ತೋರಿಸುತ್ತಿದ್ದೆ. ಆದರೆ ಟರ್ನರ್ ಮಾತಾಡುವುದೇ ದಿನಕ್ಕೆ ಹತ್ತು ಮಾತು. ಅದರಲ್ಲಿ ಆರು ‘ಹ್ಞೂಂ’. ಏನು ಹಿಡಿಯುವುದು?

ಹೊಟ್ಟೆಯುರಿಗೆ ಅದೊಂದೇ ಕಾರಣವಲ್ಲ. ಮೇಸ್ತ್ರಿ ಹರಿಹರದಲ್ಲಿ ಇನ್ನೊಂದು ಶೆಡ್ಡು ಹಿಡಿದಿದ್ದರು. ಅದರ ಕೀಲಿಕೈ ಅವರ ಕುರ್ಚಿಯ ಹಿಂದಿನ ಮೊಳೆಗೆ ತೂಗುತ್ತಿತ್ತು. ಅದು ನನಗೆ ಇಲ್ಲವೇ ಟರ್ನರ್‌ಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನಾನು ಈ ಶೆಡ್ಡಿಗೆ ಸೇರಿ ನಾಲ್ಕು ವರ್ಷವಾಗಿತ್ತು, ಅವನು ಸೇರಿ ಒಂದೂವರೆ ವರ್ಷ. ನನ್ನದೇ ವಯಸ್ಸು. ಆದರೂ ಮೇಸ್ತ್ರಿ ಅವನಿಗೆ ‘ಬರ್ರಿ, ಕೂಡ್ರಿ’ ಅನ್ನುತ್ತಿದ್ದರು. ನನಗೆ ಹೆಸರೂ ಇರಲಿಲ್ಲ, ‘ಲೇ’ ಅಂದರೆ ನಾನು.

ಆ ಗುರುವಾರ ಸಾವ್ಕಾರ್ತಿಯ ಗಾಡಿ ಬಂತು. ಸಾವ್ಕಾರ್ತಿ ಅಂದರೆ ಪೇಟೆಯ ಕಾಳಿನ ವ್ಯಾಪಾರಿಯ ಹೆಂಡತಿ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಎರಡು ಫೋನು. ಗಾಳಿಯಿಂದ ಕರೆಂಟು ತೆಗೆಯುವ ಯಂತ್ರ ನೆಡಲು ಬಂದಿದ್ದ ಹೊರದೇಶದ ಎಂಜಿನಿಯರುಗಳು ವರ್ಷಗಟ್ಟಲೆ ವಾಸವಿದ್ದು ಬಿಟ್ಟುಹೋದ ಹಳೆಯ ಮನೆಗಾಡಿಯೊಂದನ್ನು ಆಕೆ ಕೊಂಡಿದ್ದರು. ಹಾಸಿಗೆ, ಕನ್ನಡಿ, ಪುಟ್ಟ ಅಡುಗೆಕಟ್ಟೆ, ಬಚ್ಚಲು, ಕಕ್ಕಸು ಎಲ್ಲ ಒಳಗೇ. ಟ್ರ್ಯಾಕ್ಟರಿಗೆ ಕಟ್ಟಿ ಹಳ್ಳಿಯ ಮದುವೆಗಳಿಗೆ ಮದುಮಗಳ ಕೋಣೆಯಾಗಿ ಕಳಿಸುತ್ತಿದ್ದರು. ಆಕೆ ಅದನ್ನು ‘ಕ್ಯಾರವಾನ್’ ಅನ್ನುತ್ತಿದ್ದರು, ಊರವರು ‘ಕಕ್ಕಸ್ ಗಾಡಿ’ ಅನ್ನುತ್ತಿದ್ದರು.

ಹಿಂದಿನ ಮದುವೆಯಲ್ಲಿ ಗಾಡಿಯ ಅಡಿಯಿಂದ ತೊಟ್ಟಿಕ್ಕಿ, ಬೀಗರ ಮುಂದೆ ಮಾನ ಹೋಗಿತ್ತಂತೆ. ಮುಂದಿನ ಗುರುವಾರ ಅದು ಮಲೆಬೆನ್ನೂರಿಗೆ ಹೊರಡಬೇಕು, ಮರುದಿನ ಮದುವೆ. ಗಾಡಿಯ ಗುಣಗಾನವನ್ನೂ ಸಾವ್ಕಾರ್ತಿ ಮರೆಯಲಿಲ್ಲ. ಹೆಣ್ಣಿನ ಕಡೆಯ ನಲವತ್ತು ಜನಕ್ಕೆ ಬೆಳಗಿನ ಮಂಡಕ್ಕಿ ಒಗ್ಗರಣೆಯೂ ಇದರ ಅಡುಗೆಕಟ್ಟೆಯಲ್ಲೇ ಆಗುತ್ತದೆ ಅಂದರು. ಆ ಮಾತನ್ನು ಮೇಸ್ತ್ರಿ, ಟರ್ನರ್, ನಾನು ಮೂವರೂ ಕೇಳಿದೆವು, ಮೂವರೂ ಕಿವಿಯಿಂದಾಚೆ ಬಿಟ್ಟೆವು. ಆಕೆ ಹೋದಮೇಲೆ ನಾನು ಎರಡು ಫೋನಿನಲ್ಲಿ ಒಟ್ಟಿಗೆ ಮಾತಾಡಿ ತೋರಿಸಿದೆ. ಮೇಸ್ತ್ರಿ ನಕ್ಕರು. ಟರ್ನರ್ ಗಾಡಿಯ ಅಡಿಗೆ ನುಸುಳಿದ್ದ.

ಗಾಡಿಯ ಅಡಿಯಲ್ಲಿ ಎರಡು ಟ್ಯಾಂಕುಗಳು, ಒಂದು ಕಕ್ಕಸಿನದು, ಇನ್ನೊಂದು ಬಚ್ಚಲು ಮತ್ತು ಅಡುಗೆಕಟ್ಟೆಯದು. ಎರಡಕ್ಕೂ ಒಂದೊಂದು ವಾಲ್ವ್. ತಿರುಗಿಸುವ ನಲ್ಲಿಯಂಥದ್ದಲ್ಲ. ಕೊಳವೆಯ ನಡುವೆ ಒಂದು ಜಾರುವ ಹಲಗೆ, ಹಿಡಿ ಎಳೆದರೆ ತೆರೆಯುತ್ತದೆ, ತಳ್ಳಿದರೆ ಮುಚ್ಚುತ್ತದೆ. ಹಲಗೆಯ ಎರಡೂ ಬದಿಗೆ ರಬ್ಬರಿನ ಬಳೆ. ಆಮೇಲೆ ಎರಡು ಕೊಳವೆಗಳೂ ಕೂಡಿ ಒಂದೇ ಬಾಯಿ, ಅದಕ್ಕೊಂದು ಮುಚ್ಚಳ. ಸೋರುವುದು ಆ ಬಾಯಿಯಲ್ಲಿ. ಹಾಗಾಗಿ ಯಾವ ವಾಲ್ವ್ ಕೆಟ್ಟಿದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ.

ಉಪಾಯ ನನ್ನದು, ಇದನ್ನು ಒತ್ತಿ ಹೇಳುತ್ತೇನೆ. ಎರಡೂ ಟ್ಯಾಂಕು ಖಾಲಿ ಮಾಡಿಸಿಯೇ ತಂದಿದ್ದರು. ಬಚ್ಚಲ ಟ್ಯಾಂಕಿಗೆ ಬಿಳಿ ಬಟ್ಟೆಗೆ ಹಾಕುವ ನೀಲಿ ಕದಡಿದ ನೀರು, ಕಕ್ಕಸಿನದಕ್ಕೆ ಅರಿಶಿನದ ನೀರು ತುಂಬಿದೆ. ಮುಚ್ಚಳ ತೆಗೆದು ಕೆಳಗೆ ಚಹಾ ಕಪ್ಪಿನ ಬಿಳಿ ಬಸಿ ಇಟ್ಟೆ. ಯಾವ ಬಣ್ಣ ಬೀಳುತ್ತದೋ ಆ ಕಡೆಯದು ಕಳ್ಳ. ಅರ್ಧ ಗಂಟೆಗೆ ಬಸಿಯಲ್ಲಿ ಹನಿಗಳು ಕೂಡಿದವು, ಹಸಿರು. ಅಂದರೆ ಎರಡೂ ಕಳ್ಳರೇ.

“ಬಣ್ಣ ಚಲೋ ಬಂದೈತೆ, ಸೀರೆಗೆ ಹಾಕಿಸ್ಕೊಂಡು ಬರ್ಲೇನಲೇ?” ಅಂದರು ಮೇಸ್ತ್ರಿ. ಕೆಲಸ ಮಾತ್ರ ನನಗೇ ಕೊಟ್ಟರು. ನಾನು ಮೊಳೆಗೆ ತೂಗುತ್ತಿದ್ದ ಕೀಲಿಕೈ ನೋಡಿದೆ.

ಶುಕ್ರವಾರ ಎರಡೂ ವಾಲ್ವ್ ಬಿಚ್ಚಿದೆ. ಒಂದೊಂದಕ್ಕೆ ನಾಲ್ಕು ಬೋಲ್ಟು, ತುಕ್ಕು ಹಿಡಿದು ತಲೆ ಸವೆದಿದ್ದವು. ಕೊಳವೆಗಳನ್ನು ಸ್ವಲ್ಪ ಅಗಲಿಸಿದರೆ ವಾಲ್ವ್ ನಡುವಿನಿಂದ ಜಾರಿ ಬರುತ್ತದೆ. ಹಲಗೆ ಕೂರುವ ಸಂದಿನಲ್ಲಿ ಕರಿ ರಾಡಿ ತುಂಬಿತ್ತು. ಅದರಲ್ಲಿ ಏನಿದೆ ಎಂದು ಬೆರಳಿಟ್ಟು ನೋಡಬೇಕಾದವನು ನಾನು. ಆದರೆ ಆ ಕೈ ಮೂಗು ಮುಚ್ಚುವುದರಲ್ಲಿ ತೊಡಗಿತ್ತು. ಪೈಪು ಹಿಡಿದು ತೊಳೆದುಬಿಟ್ಟೆ.

ಬಳೆಗಳು ಒಣಗಿ ಬಿರಿದಿದ್ದವು. ಹೊರದೇಶದ ಅಳತೆ, ಪೇಟೆಯಲ್ಲಿ ಎಲ್ಲೂ ಸಿಗಲಿಲ್ಲ. ಲಾರಿ ಟ್ಯೂಬಿನಲ್ಲಿ ನಾನೇ ಕತ್ತರಿಸಿ ಕೂರಿಸಿ, ಹಲಗೆ ಸಲೀಸಾಗಿ ಜಾರಲಿ ಎಂದು ಚಕ್ರಕ್ಕೆ ಹಾಕುವ ಗ್ರೀಸನ್ನು ಧಾರಾಳವಾಗಿ ಬಳಿದೆ. ಸಂಜೆವರೆಗೆ ಒಂದು ಹನಿಯೂ ಬೀಳಲಿಲ್ಲ. ಟರ್ನರ್‌ಗೆ ಕೇಳುವಂತೆ ಶಿಳ್ಳೆ ಹಾಕುತ್ತ ಮನೆಗೆ ಹೋದೆ.

ಶನಿವಾರ ಬೆಳಿಗ್ಗೆ ಬಚ್ಚಲ ವಾಲ್ವಿನ ಹಿಡಿ ಎಳೆದರೆ ಬರಲಿಲ್ಲ. ಕಾಲು ಕೊಟ್ಟು ಎಳೆದೆ. ಹಿಡಿ ಮುರಿದು ಕೈಗೆ ಬಂತು, ನಾನು ಅದರ ಜೊತೆ ಹಿಂದಕ್ಕೆ ಬಿದ್ದೆ. ಗ್ರೀಸು ಕುಡಿದು ರಬ್ಬರ್ ಉಬ್ಬಿ, ಹಲಗೆಯನ್ನು ಹಲ್ಲಿನಲ್ಲಿ ಕಚ್ಚಿದಂತೆ ಕಚ್ಚಿಕೊಂಡಿತ್ತು. ಮೇಸ್ತ್ರಿ ಎರಡು ಸಲ ಕೆಮ್ಮಿದರು. ಮೂರನೆಯದಕ್ಕೆ ಕಾಯದೆ ನಾನು ತಲೆ ತಗ್ಗಿಸಿದೆ.

“ಟರ್ನರೇ, ನೀವು ಸ್ವಲ್ಪ ನೋಡ್ರಿ” ಅಂದರು ಮೇಸ್ತ್ರಿ. ನನ್ನನ್ನು ಬೈಯಲೇ ಇಲ್ಲ. ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಅವನು ಹೇಗೆ ಮಾಡಿದ ಎಂದು ಬರೆಯಲು ನನಗೆ ಇಷ್ಟವಿಲ್ಲ, ಆದರೂ ಬರೆಯಬೇಕು. ಹಳೆಯ ಬಳೆಯನ್ನು ಬಿಸಾಡದೆ ಅಳತೆ ತೆಗೆದ. ಹರಿಹರದಲ್ಲಿ ಅವನ ಮನೆಯ ಹಿಂದೆ ಒಂದು ಲೇತ್ ಇದೆ, ಸಾಮಾನನ್ನು ತಿರುಗಿಸುತ್ತ ಕಡೆಯುವ ಯಂತ್ರ. ಅಲ್ಲಿ ಗಟ್ಟಿ ರಬ್ಬರಿನಲ್ಲಿ ಬಳೆಗಳನ್ನು ತಿರುವಿದ. ಬೇಕಾಗಬಹುದೆಂದು ಒಂದು ಜೊತೆ ಹೆಚ್ಚಿಗೆ ಮಾಡಿಟ್ಟುಕೊಂಡ. ಸೊಟ್ಟಗಾಗಿದ್ದ ಪ್ಲಾಸ್ಟಿಕ್ ಹಲಗೆಗೆ ಬದಲಾಗಿ ಸ್ಟೀಲಿನದು ಕತ್ತರಿಸಿ, ಅಂಚನ್ನು ಬೆರಳು ಕೊಯ್ಯದಂತೆ ಉಜ್ಜಿ, ನಾನು ಮುರಿದಿದ್ದ ಹಿಡಿಗೆ ಬದಲು ಹೊಸದು ಹಾಕಿದ. ಗ್ರೀಸಿನ ಡಬ್ಬಿಯ ಕಡೆ ನೋಡಲಿಲ್ಲ. ಮನೆಯಿಂದ ಸಣ್ಣ ಸೀಸೆಯಲ್ಲಿ ಹರಳೆಣ್ಣೆ ತಂದಿದ್ದ. ಹರಳೆಣ್ಣೆಗೆ ರಬ್ಬರ್ ಉಬ್ಬುವುದಿಲ್ಲ ಎಂದು ಅವನು ನನಗೆ ಹೇಳಲಿಲ್ಲ, ಮೇಸ್ತ್ರಿಗೂ ತಾನಾಗಿ ಹೇಳಲಿಲ್ಲ. ಮೇಸ್ತ್ರಿ ಕೇಳಿದ್ದಕ್ಕೆ ಹೇಳಿದ. ನಾನಾಗಿದ್ದರೆ ಆ ಸೀಸೆ ಹಿಡಿದು ಇಡೀ ರಸ್ತೆಗೆ ಭಾಷಣ ಮಾಡಿರುತ್ತಿದ್ದೆ.

ಸೋಮವಾರ ಜೋಡಿಸಿ, ಎರಡೂ ಟ್ಯಾಂಕಿಗೆ ನೀರು ತುಂಬಿದ. ಪರೀಕ್ಷೆಗೆ ಬಸಿ ಇಡಲಿಲ್ಲ. ಅಡಿಯಲ್ಲಿ ಬೆನ್ನ ಮೇಲೆ ಮಲಗಿ, ಕಣ್ಣು ಮುಚ್ಚಿ, ಅಂಗೈಯ ಹಿಂಬದಿಯನ್ನು ಕೊಳವೆಯ ಬಾಯಿಗೆ ಹಚ್ಚಿ ಸುಮ್ಮನಿದ್ದ. ಕಣ್ಣಿಗೆ ಕಾಣುವ ಮೊದಲೇ ತೇವ ಅಲ್ಲಿ ತಣ್ಣಗೆ ತಾಗುತ್ತದಂತೆ. ಕೊನೆಗೂ ಇವನದೊಂದು ವರಸೆ ಸಿಕ್ಕಿತು ಅಂದುಕೊಂಡು, ಅವನು ಚಹಾಕ್ಕೆ ಹೋದಾಗ ಉಳಿದವರ ಮುಂದೆ ಹಾಗೇ ಮಲಗಿ ತೋರಿಸಿದೆ. ಯಾರೂ ನಗಲಿಲ್ಲ. “ನಿದ್ದೆ ಬಂತೇನಲೇ?” ಅಂದ ವೆಲ್ಡರ್.

ಮಂಗಳವಾರ ಇಡೀ ದಿನ ಎರಡೂ ವಾಲ್ವ್ ಒಣಗಿಯೇ ಇದ್ದವು. ಮೇಸ್ತ್ರಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಾಗ ಕೀಲಿಕೈ ಅವರ ತಲೆಗೆ ತಾಗಿ ಅಲ್ಲಾಡಿತು. ಅದು ಟರ್ನರ್‌ನ ಕಡೆಗೇ ಅಲ್ಲಾಡಿತು ಎಂದು ನನಗೆ ಅನ್ನಿಸಿತು.

ಬುಧವಾರ ಮಧ್ಯಾಹ್ನ ಟರ್ನರ್ ಹರಿಹರಕ್ಕೆ ಹೋಗಿದ್ದ. ಕೊಳವೆಯ ಬಾಯಿಯ ಹಳೆಯ ಮುಚ್ಚಳ ಒಡೆದಿತ್ತು, ಹೊಸದನ್ನು ಲೇತಿನಲ್ಲಿ ತಿರುವಬೇಕಿತ್ತು. ಬಚ್ಚಲ ಟ್ಯಾಂಕು ಖಾಲಿ ಮಾಡಲು ಮೇಸ್ತ್ರಿ ನನಗೆ ಹೇಳಿದರು. ಹಿಡಿ ಎಳೆದೆ, ನೀರು ಬಿಟ್ಟೆ, ಮತ್ತೆ ತಳ್ಳಿದೆ. ತಳ್ಳಿದಾಗ ಕೊನೆಯ ಒಂದು ಬೆರಳಿನಷ್ಟು ದೂರದಲ್ಲಿ ಒಂದು ದನಿ ಬಂತು. ಕರ್ರ್ರ್.

ಮತ್ತೆ ಎಳೆದು ತಳ್ಳಿದೆ. ಅದೇ ದನಿ. ಕಕ್ಕಸಿನ ವಾಲ್ವಿಗೆ ಹಾಗಿರಲಿಲ್ಲ, ಅದು ‘ಸುಯ್’ ಎಂದು ಹೋಗಿ ‘ಟಕ್’ ಎಂದು ಕೂರುತ್ತಿತ್ತು. ಅಭ್ಯಾಸಬಲದಿಂದ ನನ್ನ ಬಾಯಿ ಆ ಕರ್ರ್ರ್ ಅನ್ನು ಮಾಡಿನೋಡಿತು. ನಾಲಿಗೆ ಹಲ್ಲಿನ ಹಿಂದೆ ಕೂತ ಜಾಗ ನನಗೆ ಹಳೆಯ ಪರಿಚಯದ್ದು. ನಮ್ಮವ್ವ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾಳೆ. ಬಾಣಲೆಯ ಕಾದ ಮರಳಿನಲ್ಲಿ ಅಕ್ಕಿ ಹುರಿದು, ಅರಳಿದ್ದನ್ನು ಜರಡಿ ಹಿಡಿಯುತ್ತಾರೆ. ಕಬ್ಬಿಣದ ಸಟ್ಟುಗ ಬಾಣಲೆಯ ತಳಕ್ಕೆ ತಾಗಿದಾಗ ಬರುವ ದನಿ ಅದು. ನಾನು ಮಾತು ಕಲಿಯುವ ಮೊದಲು ಕಲಿತ ನಕಲು.

ಆಗ ಸಾವ್ಕಾರ್ತಿಯ ಮಂಡಕ್ಕಿ ಒಗ್ಗರಣೆ ನೆನಪಾಯಿತು. ಒಗ್ಗರಣೆಗೆ ಹಾಕುವ ಮೊದಲು ನಮ್ಮ ಕಡೆ ಮಂಡಕ್ಕಿಯನ್ನು ನೀರಿನಲ್ಲಿ ಅದ್ದಿ ಹಿಂಡುತ್ತೇವೆ. ಜರಡಿಗೆ ತಪ್ಪಿಸಿಕೊಂಡ ಭಟ್ಟಿಯ ಮರಳು, ನಮ್ಮ ಮಾತಿನಲ್ಲಿ ಉಸುಕು, ತಳಕ್ಕೆ ಇಳಿಯುತ್ತದೆ, ಆ ನೀರು ಚೆಲ್ಲುತ್ತೇವೆ. ಮನೆಯಲ್ಲಾದರೆ ಅಂಗಳಕ್ಕೆ. ಈ ಗಾಡಿಯಲ್ಲಿ ಎಲ್ಲಿಗೆ? ಸಿಂಕಿಗೆ, ಅಲ್ಲಿಂದ ಬಚ್ಚಲ ಟ್ಯಾಂಕಿಗೆ. ಮದುವೆಯ ಮೇಲೆ ಮದುವೆ, ನಲವತ್ತು ಜನರ ಉಸುಕು. ಟ್ಯಾಂಕಿನ ಮೂಲೆಯಲ್ಲಿ ಕೂತದ್ದು ಪ್ರತಿಸಲ ನೀರು ಬಿಟ್ಟಾಗ ಸ್ವಲ್ಪ ಸ್ವಲ್ಪ ಹರಿದು ಬಂದು ಹಲಗೆಯ ಸಂದಿಗೆ ಸೇರುತ್ತದೆ. ಹಲಗೆ ಪೂರ್ತಿ ಕೂರುವುದಿಲ್ಲ, ಬಳೆ ಗೀರುತ್ತದೆ. ಟರ್ನರ್ ಬಂಗಾರದ ಬಳೆ ತೊಡಿಸಿದರೂ ಅದು ಸೋರುತ್ತದೆ.

ನನಗೆ ಮೊದಲು ಬಂದದ್ದು ಸಂತೋಷ. ಟರ್ನರ್‌ಗೆ ಗೊತ್ತಿಲ್ಲ, ಮೇಸ್ತ್ರಿಗೆ ಗೊತ್ತಿಲ್ಲ, ನನಗೆ ಗೊತ್ತು. ಅದರ ಬೆನ್ನಿಗೇ ಎರಡನೆಯ ಯೋಚನೆ ಬಂತು. ನಾನು ಸುಮ್ಮನಿದ್ದರೆ ಮಲೆಬೆನ್ನೂರಿನಲ್ಲಿ, ಬೀಗರ ಮುಂದೆ, ಸೋರುವುದು ಟರ್ನರ್‌ನ ವಾಲ್ವ್.

ಸುಮ್ಮನಿದ್ದೆ. ರಸ್ತೆಯ ಕುಲುಕಾಟಕ್ಕೂ ತಡೆಯುತ್ತದೋ ನೋಡೋಣ ಎಂದು ಮೇಸ್ತ್ರಿ ಹೇಳಿದಂತೆ ಬಚ್ಚಲ ಟ್ಯಾಂಕಿಗೆ ಮತ್ತೆ ನೀಲಿ ನೀರು ತುಂಬಿ, ಬಾಯಿಗೆ ಮುಚ್ಚಳದ ಬದಲು ಪ್ಲಾಸ್ಟಿಕ್ ಚೀಲ ಕಟ್ಟಿದೆ.

ಗುರುವಾರ ಬೆಳಿಗ್ಗೆ ಹೊರಟೆವು. ಟ್ರ್ಯಾಕ್ಟರ್ ಡ್ರೈವರ್ ಮುಂದೆ, ನಾನು ಮಡ್‌ಗಾರ್ಡಿನ ಮೇಲೆ. ಹರಿಹರದಲ್ಲಿ ಟರ್ನರ್‌ನ ಮನೆಯ ಹತ್ತಿರ ನಿಂತು ಹೊಸ ಮುಚ್ಚಳ ಹಾಕಿಸಿಕೊಂಡು ಮುಂದೆ ಹೋಗುವುದು. ಹರಿಹರಕ್ಕೆ ಮೊದಲು ಸಿಗುವ ಬಾತಿ ಎಂಬ ಊರಿನ ಹತ್ತಿರ ಡ್ರೈವರ್ ಬೀಡಿಗೆಂದು ನಿಲ್ಲಿಸಿದ. ನಾನು ಇಳಿದು ಬಗ್ಗಿ ನೋಡಿದೆ. ಚೀಲದ ತಳದಲ್ಲಿ ಎರಡು ಚಮಚದಷ್ಟು ನೀಲಿ.

ಇಲ್ಲಿಯವರೆಗೆ ಸುಮ್ಮನಿದ್ದೆ, ಅಷ್ಟೆ. ಬಾತಿಯಲ್ಲಿ ಮಾಡಿದ್ದು ಬೇರೆ. ಚೀಲ ಬಿಚ್ಚಿ, ಆ ನೀಲಿಯನ್ನು ರಸ್ತೆಯ ಬದಿಗೆ ಚೆಲ್ಲಿ, ಮತ್ತೆ ಕಟ್ಟಿದೆ. ಟರ್ನರ್‌ನ ಕಣ್ಣಿಗೆ ಬೀಳಬಾರದು ಎಂದು.

ಹರಿಹರದಲ್ಲಿ ಅವನ ತಾಯಿ ಅಂಗಳಕ್ಕೆ ಬಂದು ಚಹಾ ಕೊಟ್ಟರು. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಕಲು ಮಾಡೋ ಹುಡುಗ ನೀನೇ ಏನಪ್ಪಾ? ನಮ್ಮೋನು ದಿನಾ ಬಂದು ನಿನ್ನ ಸುದ್ದಿ ಹೇಳಿ ಹೇಳಿ ನಗ್ತಾನೆ” ಅಂದರು.

ನಾನು ಟರ್ನರ್‌ನನ್ನು ನೋಡಿದೆ. ಅವನು ಮುಚ್ಚಳದ ಒಳಗಿನ ತಿರುಪಿನ ಗೆರೆಗಳನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದ, ಕಿವಿ ಕೆಂಪಾಗಿತ್ತು. ಒಂದೂವರೆ ವರ್ಷ ನನ್ನ ಮುಂದೆ ಒಮ್ಮೆಯೂ ಹಲ್ಲು ಬಿಡದವನು ಬಸ್ಸು ಹತ್ತಿ ಬಂದು ಮನೆಯಲ್ಲಿ ನಗುತ್ತಿದ್ದ.

ಅವನ ಅವ್ವಾರು ಏನಾದರೂ ಮಾಡಿ ತೋರಿಸು ಅಂದರು. ಇಂಥ ಮಾತು ಕೇಳಿದರೆ ನನ್ನ ಬುದ್ಧಿ ಹೊರಗೆ ಹೋಗಿ ಕೂರುತ್ತದೆ. ಮೇಸ್ತ್ರಿಯ ಮೂರು ಕೆಮ್ಮು ಮಾಡಿದೆ. ಕಂಡಕ್ಟರನನ್ನು ಮಾಡಿದೆ. ಸಾವ್ಕಾರ್ತಿಯ ಎರಡು ಫೋನು ಮಾಡಿದೆ. ಅವ್ವಾರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು, ನನಗೆ ಹುಮ್ಮಸ್ಸು ಏರಿತು. ಗಾಡಿಯ ಎರಡು ವಾಲ್ವ್‌ಗಳು ಗಂಡ ಹೆಂಡತಿ ಇದ್ದ ಹಾಗೆ ಎಂದು ಹೇಳಿ, ‘ಸುಯ್, ಟಕ್’ ಎಂದು ಗಂಡನನ್ನು ಮಾಡಿದೆ. ‘ಕರ್ರ್ರ್’ ಎಂದು ಹೆಂಡತಿಯನ್ನು ಮಾಡಿದೆ.

ಬ್ರಷ್ಷು ನಿಂತಿತು. “ಕೊನೇದು ಇನ್ನೊಮ್ಮೆ ಮಾಡು” ಅಂದ ಟರ್ನರ್.

ನನಗೆ ಬುದ್ಧಿ ಮರಳಿ ಬಂತು. ಸ್ವಲ್ಪ ಮೆತ್ತಗೆ ಮಾಡಿದೆ, ಎಣ್ಣೆ ಸಾಲದ ಬಾಗಿಲಿನ ಹಾಗೆ.

“ಅದಲ್ಲ. ಮೊದ್ಲು ಮಾಡಿದ್ದು.”

ಈಗ ಅಂಗಳದಲ್ಲಿ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಮತ್ತೊಂದು ಸುಳ್ಳು ದನಿ ಮಾಡಬಹುದಿತ್ತು, ಯಾರೂ ಹಿಡಿಯುತ್ತಿರಲಿಲ್ಲ. ಗಾಡಿ ಮಲೆಬೆನ್ನೂರಿಗೆ ಹೋಗುತ್ತಿತ್ತು, ಕೀಲಿಕೈ ನನ್ನ ಜೇಬಿಗೆ ಬರುತ್ತಿತ್ತು. ಆದರೆ ಈ ನಾಲಿಗೆಯಲ್ಲಿ ನಾನು ಹೊಟ್ಟೆಪಾಡಿಗೂ, ಹಾಸ್ಯಕ್ಕೂ, ಮೈಗಳ್ಳತನಕ್ಕೂ ಸಾವಿರ ಸುಳ್ಳು ಹೇಳಿದ್ದೇನೆ, ನಕಲಿನಲ್ಲಿ ಮಾತ್ರ ಒಂದನ್ನೂ ಹೇಳಿರಲಿಲ್ಲ. ಆಗಷ್ಟೇ ಒಂದು ಹೇಳಿದ್ದೆ, ಅದು ಬಾಯಲ್ಲಿ ಕಹಿಯಾಗಿತ್ತು. ಇದ್ದದ್ದನ್ನು ಇದ್ದ ಹಾಗೆ ಮಾಡಿದೆ. ಕರ್ರ್ರ್.

“ಉಸುಕು” ಅಂದ.

“ಮಂಡಕ್ಕಿ ಉಸುಕು” ಅಂದೆ. ಸಿಂಕಿನ ಕಥೆ ಹೇಳಿದೆ.

ಅವನು ಎದ್ದು ಬಂದು ಚೀಲ ಮುಟ್ಟಿ ನೋಡಿದ. ಆಮೇಲೆ ನನ್ನ ಬೆರಳುಗಳನ್ನು ನೋಡಿದ. ಉಗುರಿನ ಸುತ್ತ ನೀಲಿ ಹತ್ತಿತ್ತು, ನಾನು ಗಮನಿಸಿರಲಿಲ್ಲ.

“ಎಲ್ಲಿ ಚೆಲ್ಲಿದಿ?”

“ಬಾತ್ಯಾಗೆ.”

“ಗೊತ್ತಾಗಿದ್ದು ಯಾವಾಗ?”

“ನಿನ್ನೆ ಮಧ್ಯಾಹ್ನ.”

ಬೈಯುತ್ತಾನೆ ಎಂದು ಕಾದೆ. ಬೈದರೆ ಆ ದನಿಯನ್ನಾದರೂ ಹಿಡಿಯಬಹುದಿತ್ತು. ಅವನು ‘ಹ್ಞೂಂ’ ಅಂದು ಪಾನಾ ತರಲು ಹೋದ.

ಕೆಲಸಕ್ಕೆ ಮೂರು ತಾಸು ಹಿಡಿಯಿತು. ನೀಲಿ ನೀರನ್ನು ಹಿತ್ತಲ ಗುಂಡಿಗೆ ಬಿಟ್ಟೆವು. ನಾಲ್ಕು ಬೋಲ್ಟು ಬಿಚ್ಚಿ ವಾಲ್ವ್ ಜಾರಿಸಿದಾಗ ಸಂದಿನಲ್ಲಿ ಕಪ್ಪು ನುಣುಪು ಉಸುಕು, ಬಳೆಯ ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಂಥ ಗೀರು. ಉಸುಕನ್ನು ಅಂಗೈಗೆ ಹಾಕಿಕೊಂಡು ನನಗೆ ತೋರಿಸಿದ. ಹಲ್ಲಿಗೆ ಹಾಕಿ ಖಾತ್ರಿ ಮಾಡು ಅನ್ನಲಿಲ್ಲ, ಪುಣ್ಯ. ಬಳೆ ಬದಲಿಸಿದರೆ ಸಾಲದು, ಟ್ಯಾಂಕಿನ ಉಸುಕೇ ಹೊರಗೆ ಬರಬೇಕು. ಬಾಯಿಯ ಎದುರಿನ ಬದಿಗೆ ಜಾಕ್ ಕೊಟ್ಟು ಗಾಡಿಯನ್ನು ಓರೆ ಮಾಡಿದೆವು. ನಾನು ಒಳಗಿನ ಸಿಂಕಿನಿಂದ ಬಕೆಟ್ ಮೇಲೆ ಬಕೆಟ್ ಸುರಿದೆ, ಅವನು ಕೆಳಗೆ ಹಳೆಯ ಪಂಚೆಯ ತುಂಡು ಹಿಡಿದು ಸೋಸಿದ. ಇಪ್ಪತ್ತು ಬಕೆಟ್ ಆದಮೇಲೆ ಬಟ್ಟೆಯ ಮೇಲೆ ಏನೂ ಉಳಿಯಲಿಲ್ಲ. ಅಷ್ಟರಲ್ಲಿ ಕೂಡಿದ್ದ ಉಸುಕು ಹತ್ತಿರ ಹತ್ತಿರ ಒಂದು ಸೇರು. ಹೆಚ್ಚಿಗೆ ಮಾಡಿಟ್ಟಿದ್ದ ಬಳೆ ಜೊತೆ ತೊಡಿಸಿ, ಹರಳೆಣ್ಣೆ ಸವರಿ, ಬೋಲ್ಟುಗಳನ್ನು ಎದುರುಬದುರು ಸರದಿಯಲ್ಲಿ ಬಿಗಿದ. ನಾನು ಹಿಡಿ ಎಳೆದು ತಳ್ಳಿದೆ. ಸುಯ್, ಟಕ್.

ಮೇಸ್ತ್ರಿಗೆ ಫೋನ್ ಮಾಡಿದವನು ಅವನು. ಕಂಡುಹಿಡಿದದ್ದು ನಾನು ಎಂದೇ ಹೇಳಿದ, ಉಳಿದದ್ದನ್ನು ಹೇಳಲಿಲ್ಲ. ಅದು ಇನ್ನೂ ಉರಿಸಿತು. ಇವನ ದೊಡ್ಡತನದ ನೆರಳಿನಲ್ಲಿ ಕೂತು ಕೀಲಿಕೈ ಇಸಿದುಕೊಳ್ಳಲು ಮನಸ್ಸು ಬರಲಿಲ್ಲ. ಫೋನ್ ಕಿತ್ತುಕೊಂಡು, ನಿನ್ನೆಯಿಂದ ಗೊತ್ತಿತ್ತು, ಬಾತಿಯಲ್ಲಿ ಚೆಲ್ಲಿದ್ದೂ ನಾನೇ ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

ಆ ಕಡೆ ಎರಡು ಕೆಮ್ಮು ಕೇಳಿದವು. ಮೂರನೆಯದು ಬರಲಿಲ್ಲ.

“ನಿನ್ನ ಕಿವಿ ಚಲೋ ಐತೆ ಲೇ. ಆದ್ರೆ ಕೆಟ್ಟಿದ್ದು ಗೊತ್ತಿದ್ದೂ ಸುಮ್ನಿರೋನ ಕೈಗೆ ಶೆಡ್ ಹೆಂಗೆ ಕೊಡ್ಲಿ? ಕೀಲಿ ಅವ್ರಿಗೆ. ನೀನು ಗಾಡಿ ಜೊತೆಗೆ ಹೋಗು, ಸೋರಿದ್ರೆ ಅಲ್ಲೇ ಇರು, ಬರಬ್ಯಾಡ.”

ಮದುವೆಯ ಬೆಳಿಗ್ಗೆ ಅಡುಗೆಕಟ್ಟೆಯ ಹತ್ತಿರ ನಾನು ಬಕೆಟ್ ಹಿಡಿದು ನಿಂತಿದ್ದೆ. ಮಂಡಕ್ಕಿಯ ನೀರು ಸಿಂಕಿಗೆ ಬ್ಯಾಡ್ರಿ, ಇದಕ್ಕೆ ಹಾಕ್ರಿ ಎಂದರೆ ಹೆಂಗಸರು ನನ್ನನ್ನು ಹುಚ್ಚನಂತೆ ನೋಡಿದರು. ಉಸುಕು ಹೋಗ್ಲಿ ಅಂತ ತೊಳೆಯೋದು, ಆ ಉಸುಕನ್ನ ಹಿಡಿದಿಟ್ಕೊಳ್ಳಾಕೆ ನಿಂತಾನಲ್ಲ ಇವನು ಎಂದು ಒಬ್ಬಾಕೆ ನಕ್ಕಳು. ಸಾವ್ಕಾರ್ತಿಗೆ ಕಥೆ ಹೇಳಿದೆ. ಆಕೆ ಒಂದು ಫೋನನ್ನು ಕಿವಿಯಿಂದ ಇಳಿಸಿ, “ನನ್ನ ನಾಷ್ಟಾನೇ ನನ್ನ ಗಾಡೀನ ತಿಂತೇನೋ” ಅಂದು, ತಾವೇ ಬಕೆಟನ್ನು ಸಿಂಕಿನ ಮುಂದೆ ಇಟ್ಟರು.

ತಾಳಿಯ ಹೊತ್ತಿಗೆ ಎಲ್ಲರೂ ಚಪ್ಪರಕ್ಕೆ ಹೋದರು. ಗಾಡಿಯ ಹತ್ತಿರ ನಾನೊಬ್ಬನೇ. ಟ್ಯಾಂಕುಗಳು ಅರ್ಧಕ್ಕಿಂತ ಹೆಚ್ಚು ತುಂಬಿದ್ದವು. ಬಸಿ ತಂದಿದ್ದೆ, ಯಾಕೋ ಅದನ್ನು ಇಡಲಿಲ್ಲ. ಟರ್ನರ್ ತಿರುವಿದ ಮುಚ್ಚಳ ಬಿಚ್ಚಿ, ಅಡಿಯಲ್ಲಿ ಬೆನ್ನ ಮೇಲೆ ಮಲಗಿದೆ. ಕಣ್ಣು ಮುಚ್ಚಿದೆ. ಅಂಗೈಯ ಹಿಂಬದಿಯನ್ನು ಕೊಳವೆಯ ಬಾಯಿಗೆ ಹಚ್ಚಿದೆ. ಶೆಡ್ಡಿನಲ್ಲಿ ಮಾಡಿದಾಗ ಕೈ ಅಲ್ಲಿತ್ತು, ಗಮನ ನೋಡುವವರ ಮೇಲಿತ್ತು. ಅದಕ್ಕೇ ಯಾರೂ ನಕ್ಕಿರಲಿಲ್ಲ ಎಂದು ಈಗ ಗೊತ್ತಾಯಿತು. ಅವನ ಹಾಗೆ ಉಸಿರು ನಿಧಾನ ಮಾಡಿದೆ. ವಾಲಗ ಜೋರಾಯಿತು, ಅಕ್ಷತೆ ಬಿದ್ದಿರಬೇಕು. ನಾನು ಕಾಯುತ್ತಲೇ ಇದ್ದೆ.

ಕೈ ಒಣಗಿತ್ತು.

ಈಗ ಹರಿಹರದ ಶೆಡ್ಡಿನ ಬೀಗ ದಿನಾ ತೆಗೆಯುವವನು ಅವನೇ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಹಿಂದಿಗಿಂತ ಸ್ವಲ್ಪ ಅಚ್ಚುಕಟ್ಟಾಗಿ. ಅವನ ನಕಲು ನನಗೆ ಬರುತ್ತದೋ ಎಂದು ಯಾರಾದರೂ ಕೇಳಿದರೆ ಇಲ್ಲ ಅನ್ನುತ್ತೇನೆ. ಬರುತ್ತದೆ. ಮಲೆಬೆನ್ನೂರಿನಲ್ಲಿ ಒಮ್ಮೆ ಬಂದಿತ್ತು, ನೋಡಲು ಯಾರೂ ಇರಲಿಲ್ಲ.